ಹಸಿರಾದ ಕೂದಲಿಗೆ ಮೈಲಾಂಜಿ

ತಲೆಗೆ ಸುತ್ತಿದ್ದ ಶಾಲು ಬಿಚ್ಚಿದಾಗ ಪಾರ್ಲರಿನಲ್ಲಿದ್ದ ನಾಲ್ಕು ಮಂದಿಯೂ ಮಾತು ನಿಲ್ಲಿಸಿದರು. ಬುಡದಿಂದ ಎರಡು ಬೆರಳಿನಷ್ಟು ಕೂದಲು ಕಿತ್ತಳೆ. ಅಲ್ಲಿಂದ ಕೆಳಗೆ, ಬೆನ್ನಿನವರೆಗೂ, ಮಳೆಗಾಲದಲ್ಲಿ ಕೆಂಪುಕಲ್ಲಿನ ಗೋಡೆಗೆ ಹಿಡಿಯುವ ಪಾಚಿಯ ಹಸಿರು.

ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿರುವ ಪುಟ್ಟ ಪಾರ್ಲರು ಅದು. ಹುಡುಗಿ ಪೆರ್ಲದ ಕಡೆಯವಳು, ಅಮ್ಮನ ಜೊತೆ ಬದಿಯಡ್ಕದ ಬಸ್ಸಿನಲ್ಲಿ ಬಂದಿದ್ದಳು. ಅಕ್ಕನ ಮದುವೆಗೆ ಹನ್ನೊಂದು ದಿನ ಬಾಕಿ. "ಇನ್ನು ಬೋಳಿಸುವುದೇ ದಾರಿಯಾ?" ಎಂದು ಅಮ್ಮ ಕುಳಿತಲ್ಲಿಂದಲೇ ಕೇಳಿದರು. ಆ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು.

ಬ್ಯೂಟಿಶಿಯನ್ ಅಕ್ಕ ಅದಕ್ಕೆ ಉತ್ತರ ಕೊಡಲಿಲ್ಲ. ಐವತ್ತು ದಾಟಿದ ಹೆಂಗಸು. ಮನೆಮಾತು ತುಳು, ಗಿರಾಕಿಗಳ ಜೊತೆ ಮಲಯಾಳ, ಕನ್ನಡ, ಬ್ಯಾರಿ ಮೂರೂ. ಬಣ್ಣದ ಡಬ್ಬಿ ಮುಟ್ಟುವ ಮೊದಲು ಅವರು ತೆಗೆದದ್ದು ಒಂದು ನೋಟ್‌ಬುಕ್. "ಎಂತ ಹಾಕಿದ್ದು? ಎಷ್ಟು ಹೊತ್ತು ಇಟ್ಟದ್ದು? ಅದಕ್ಕಿಂತ ಮೊದಲು ತಲೆಯಲ್ಲಿ ಎಂತ ಇತ್ತು? ಮರೆತದ್ದೆಲ್ಲ ನೆನಪು ಮಾಡಿ ಹೇಳು ಮಗಾ." ಎಲ್ಲ ಬರೆದುಕೊಂಡ ಮೇಲೆ ಇನ್ನೊಂದು ಪ್ರಶ್ನೆ: "ನಿಮ್ಮಲ್ಲಿ ಬಾವಿ ನೀರಾ, ಬೋರಿನದ್ದಾ, ಸುರಂಗದ್ದಾ?"

ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದಲೂ ನೀರು ತರುವ ಕಾಸರಗೋಡಿನಲ್ಲಿ ಈ ಪ್ರಶ್ನೆಗೆ ಅರ್ಥವಿದೆ. ಇಲ್ಲಿನ ಕೆಂಪುಕಲ್ಲು ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳಿಂದ ತುಂಬಿದ್ದು. ಕೆಲವು ಬೋರಿನ ನೀರು ಬಕೆಟಿನ ಅಂಚಿಗೆ ತುಕ್ಕಿನ ಗೆರೆ ಹಾಕುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ಕಬ್ಬಿಣ ವರ್ಷಗಟ್ಟಲೆ ಕೂದಲಿಗೂ ಅಂಟುತ್ತದೆ. ಲೋಹ ಕುಳಿತ ಕೂದಲಿಗೆ ಹೈಡ್ರೋಜನ್ ಪೆರಾಕ್ಸೈಡ್ ತಾಗಿದರೆ ರಾಸಾಯನಿಕ ಕ್ರಿಯೆ ಅಂಕೆ ತಪ್ಪುತ್ತದೆ. ಕೂದಲು ಬಿಸಿಯಾಗುತ್ತದೆ, ಕೆಲವೊಮ್ಮೆ ತುಂಡಾಗಿ ಕೈಗೇ ಬರುತ್ತದೆ.

ಹುಡುಗಿಯ ಮನೆಯಲ್ಲಿ ಬಾವಿ ನೀರು. ಮೂರು ವರ್ಷದಿಂದ ಅವಳು ತಲೆಗೆ ಹಾಕುತ್ತಿದ್ದದ್ದು ಮೊದಲು ಮದರಂಗಿ ಪುಡಿ, ಅದರ ಮೇಲೆ ನೀಲಿ ಎಲೆಯ ಪುಡಿ. ಎರಡೂ ಗಿಡದವು, ಎರಡೂ ಸೇರಿ ಒಳ್ಳೆಯ ಕಪ್ಪು. ಮದುವೆಗೆಂದು ಬೂದಿ ಛಾಯೆಯ ಕಂದು ಬೇಕೆನಿಸಿ ಬ್ಲೀಚಿನ ಪೊಟ್ಟಣ ತಂದಳು. ಒಮ್ಮೆ ಹಾಕಿದಾಗ ಹಸಿರು ಇಣುಕಿತು. ಗಾಬರಿಯಲ್ಲಿ ಅದೇ ರಾತ್ರಿ ಮತ್ತೊಮ್ಮೆ ಹಾಕಿದಳು. ಹಸಿರು ಇನ್ನೂ ಹೊಳಪಾಯಿತು.

ಯಾಕೆ ಹಾಗಾಯಿತು ಎಂಬುದನ್ನು ಅಕ್ಕ ಕನ್ನಡಿಯ ಮುಂದೆಯೇ ವಿವರಿಸಿದರು. ಬ್ಲೀಚು ಕಪ್ಪು ಕೂದಲಿನ ಸಹಜ ಬಣ್ಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ: ಕಂದು, ಕೆಂಪು, ಕಿತ್ತಳೆ, ಹಳದಿ. ಬುಡದ ಎರಡು ಬೆರಳು ಹೊಸದಾಗಿ ಬೆಳೆದದ್ದು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು, ಸ್ವಲ್ಪ ಹೆಚ್ಚೇ, ಬೆಳೆಯುವುದರಿಂದ ಅದು ಎರಡು ಮೂರು ತಿಂಗಳ ಲೆಕ್ಕ. ಅಲ್ಲಿ ಬೇರೆ ಬಣ್ಣ ಇರಲಿಲ್ಲ, ಕಿತ್ತಳೆಗೆ ಬಂದು ನಿಂತಿತು. ಕೆಳಗಿನ ಕೂದಲಿನಲ್ಲಿ ಮೂರು ವರ್ಷದ ನೀಲಿ ಕುಳಿತಿತ್ತು. ಬ್ಲೀಚು ಸಹಜ ಬಣ್ಣವನ್ನು ಹಳದಿಗೆ ಇಳಿಸಿತು, ಮದರಂಗಿಯ ಕೆಂಪನ್ನೂ ಬಹಳಷ್ಟು ತೆಗೆಯಿತು, ನೀಲಿಯನ್ನು ಅಲುಗಿಸಲಿಲ್ಲ. ಹಳದಿಗೆ ನೀಲಿ ಸೇರಿದರೆ ಏನಾಗುತ್ತದೆಂದು ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು.

ಈ ನೀಲಿಯ ಹಟ ದೊಡ್ಡದು, ಅದರ ಕಥೆಯೂ ಉದ್ದ. ನೀಲಿ ಗಿಡದ ಎಲೆಯಲ್ಲಿ ನೀಲಿ ಬಣ್ಣವೇ ಇಲ್ಲ. ಇರುವುದು ಇಂಡಿಕಾನ್ ಎಂಬ ಬಣ್ಣವಿಲ್ಲದ ವಸ್ತು. ಪುಡಿಗೆ ನೀರು ತಾಗಿದೊಡನೆ ಎಲೆಯದೇ ಕಿಣ್ವ ಅದನ್ನು ಒಡೆಯುತ್ತದೆ, ಒಡೆದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ನೀಲಿಯಾಗುತ್ತದೆ. ಆದ್ದರಿಂದ ಮದರಂಗಿಯನ್ನು ಕಲಸಿ ಗಂಟೆಗಟ್ಟಲೆ ಇಡಬೇಕು, ನೀಲಿಯನ್ನು ಕಲಸಿದ ಹತ್ತು ಹದಿನೈದು ನಿಮಿಷದಲ್ಲೇ ಹಚ್ಚಬೇಕು. ತಡಮಾಡಿದರೆ ಬಣ್ಣ ಪಾತ್ರೆಯಲ್ಲೇ ಹುಟ್ಟಿ ಮುಗಿಯುತ್ತದೆ. ಸಮಯಕ್ಕೆ ಹಚ್ಚಿದರೆ ಕೂದಲಿನ ಒಳಗೆ ಹುಟ್ಟುತ್ತದೆ. ಹಾಗೆ ಒಳಗೆ ಹುಟ್ಟಿದ ನೀಲಿ ನೀರಿನಲ್ಲಿ ಕರಗುವುದಿಲ್ಲ, ಶಾಂಪೂವಿಗೆ ಜಗ್ಗುವುದಿಲ್ಲ.

ಕರಗದ ನೀಲಿಯನ್ನು ಕರಗಿಸುವ ವಿದ್ಯೆ ಈ ಪಾರ್ಲರಿನಿಂದ ಸ್ವಲ್ಪವೇ ದೂರದಲ್ಲಿ, ನೇಕಾರರ ಕೈಯಲ್ಲಿದೆ ಎಂಬುದು ಇಡೀ ಪ್ರಸಂಗದ ಅತ್ಯಂತ ಸೊಗಸಿನ ಸಂಗತಿ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಾಸರಗೋಡು ಸೀರೆಯನ್ನು ಶಾಲಿಯ ನೇಕಾರರು ತಲೆಮಾರುಗಳಿಂದ ನೇಯ್ದವರು. ವಿದ್ಯಾನಗರದಲ್ಲಿರುವ ಅವರ ಸಹಕಾರ ಸಂಘ 1938ರದ್ದು. ಆ ಸೀರೆ ವರ್ಷಗಟ್ಟಲೆ ಉಟ್ಟು ಒಗೆದರೂ ಬಣ್ಣ ಬಿಡದಿರುವುದಕ್ಕೆ ಕಾರಣ ನೂಲಿಗೆ ಹಾಕುವ ವ್ಯಾಟ್ ಡೈ. ನೀಲಿ ಈ ಕುಲದ ಹಿರಿಯಜ್ಜಿ. 1901ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಇಂಡಾಂತ್ರೀನ್ ಬಣ್ಣಗಳು ಅವಳ ನಂತರದ ಪೀಳಿಗೆ. ಕರಗದ ಬಣ್ಣದ ಪುಡಿಯನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಹೈಡ್ರೋಸಲ್ಫೈಟ್ ಸೇರಿಸಿದ ಬಿಸಿನೀರಿಗೆ ಹಾಕಿದರೆ ಅದು ಬೇರೆ ರೂಪ ತಾಳಿ ಕರಗುತ್ತದೆ. ನೀಲಿಯಾದರೆ ಹಳದಿ ಮಿಶ್ರಿತ ಹಸಿರು ದ್ರವವಾಗುತ್ತದೆ. ನೂಲಿನ ಲಡಿಯನ್ನು ಅದರಲ್ಲಿ ಅದ್ದಿ ಮೇಲೆತ್ತಿದಾಗ ಮೊದಲು ಹಸಿರಾಗಿಯೇ ಇರುತ್ತದೆ. ಗಾಳಿ ತಾಗುತ್ತಾ ಹೋದಂತೆ, ನೋಡುತ್ತಿದ್ದಂತೆಯೇ, ನೀಲಿಗೆ ತಿರುಗುತ್ತದೆ. ಕಂಡವರು ಮರೆಯುವ ನೋಟವಲ್ಲ ಅದು.

ತಲೆಯ ಬಣ್ಣ ತೆಗೆಯಲು ಸಿಗುವ ಕಲರ್ ರಿಮೂವರ್‌ಗಳಲ್ಲಿ ಹಲವುಗಳ ತತ್ವವೂ ಇದೇ: ಬಣ್ಣದಿಂದ ಆಮ್ಲಜನಕದ ಹಿಡಿತವನ್ನು ಬಿಡಿಸುವುದು, ಗಾಳಿ ತಾಗಿ ಮರಳಿ ಕಟ್ಟಿಕೊಳ್ಳುವ ಮೊದಲು ತೊಳೆದು ಹಾಕುವುದು. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಹೋದ ಬಣ್ಣ ಮರುದಿನ ವಾಪಸ್ಸು ಬರುತ್ತದೆ. ಹಾಗೆಂದು ನೇಕಾರರ ಬಾನಿಯ ಮಸಾಲೆಯನ್ನು ಯಾರೂ ತಲೆಗೆ ಹಾಕಬಾರದು. ಹತ್ತಿ ಕಾಸ್ಟಿಕ್ ಸೋಡಾವನ್ನು ತಾಳಿಕೊಳ್ಳುತ್ತದೆ. ಕೂದಲು ರೇಷ್ಮೆ, ಉಣ್ಣೆಗಳ ಹಾಗೆ ಪ್ರೋಟೀನು, ತೀವ್ರ ಕ್ಷಾರದಲ್ಲಿ ಅದೇ ಕರಗಿಹೋಗುತ್ತದೆ.

ಪೊಟ್ಟಣದ ಬಣ್ಣಗಳ ಚರಿತ್ರೆ ಇಷ್ಟು ಉದ್ದವಿಲ್ಲ. 1856ರಲ್ಲಿ ವಿಲಿಯಂ ಪರ್ಕಿನ್ ಟಾರಿನಿಂದ ಮೊದಲ ಕೃತಕ ನೇರಳೆ ತೆಗೆದ. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂದು ಬಂಗಾಳ, ಬಿಹಾರಗಳ ನೀಲಿ ತೋಟಗಳ ಬೆನ್ನು ಮುರಿಯಿತು. 1907ರಲ್ಲಿ ಪ್ಯಾರಿಸಿನ ಯೂಜೀನ್ ಶ್ಯೂಲರ್ ತಲೆಗೂದಲಿಗೆಂದೇ ಕೃತಕ ಬಣ್ಣ ತಯಾರಿಸಿದ. 1909ರಲ್ಲಿ ಅವನು ಕಟ್ಟಿದ ಕಂಪನಿಯೇ ಇಂದಿನ ಲೋರಿಯಲ್. ಇಂದಿಗೂ ಹೆಚ್ಚಿನ ಕಪ್ಪು ಡೈಗಳ ಜೀವಾಳ ಪಿಪಿಡಿ, ಅಂದರೆ ಪ್ಯಾರಾಫೆನಿಲೀನ್‌ಡೈಅಮೀನ್.

ಮತ್ತೆ ಪಾರ್ಲರಿಗೆ. ಯೂಟ್ಯೂಬಿನಲ್ಲಿ ಕಂಡ ಉಪಾಯಗಳನ್ನು ಹುಡುಗಿ ಒಂದೊಂದಾಗಿ ಕೇಳಿದಳು. ಅಡುಗೆ ಸೋಡಾ? ಬೇಡ, ಅದು ಕ್ಷಾರ, ಈಗಾಗಲೇ ತೆರೆದುಕೊಂಡಿರುವ ಕೂದಲಿನ ಮೇಲ್ಪದರವನ್ನು ಇನ್ನಷ್ಟು ಎಬ್ಬಿಸುತ್ತದೆ. ಟೊಮೆಟೊ ಸಾಸ್? ಅದರ ಕೆಂಪು ಒಂದು ಸ್ನಾನಕ್ಕೆ ಹೋಗುತ್ತದೆ. ಮೇಲಿಂದ ಕಡುಕಪ್ಪು ಡೈ? ಹೊಯ್ದರೆ ಮುಚ್ಚುತ್ತದೆ, ಆದರೆ ಎರಡು ಬಾರಿ ಬ್ಲೀಚು ತಿಂದ ಕೂದಲು ಬಣ್ಣವನ್ನು ಹಿಡಿದಿಡುವುದಿಲ್ಲ, ಕೆಲವೇ ವಾರದಲ್ಲಿ ಹಸಿರು ಪುನಃ ಇಣುಕುತ್ತದೆ.

ಅಕ್ಕ ಮಾಡಿದ್ದು ಬಹಳ ನಿಧಾನದ ಕೆಲಸ. ಕತ್ತಿನ ಹಿಂದೆ ಕಾಣದ ಜಾಗದಿಂದ ಏಳೆಂಟು ಎಳೆಗಳ ಪುಟ್ಟ ಕುಚ್ಚುಗಳನ್ನು ಕತ್ತರಿಸಿ, ಒಂದನ್ನು 20 ವಾಲ್ಯೂಮ್ ಪೆರಾಕ್ಸೈಡ್, ಅಂದರೆ ಶೇ 6ರಷ್ಟರ ದ್ರಾವಣ, ಮತ್ತು ಕೆಲವು ಹನಿ ಅಮೋನಿಯಾದಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರು. ಲೋಟ ಬಿಸಿಯಾಗಲಿಲ್ಲ, ನೊರೆ ಬರಲಿಲ್ಲ. ಲೋಹದ ಭಯ ಹೋಯಿತು. ಇನ್ನೊಂದು ಎಳೆಯನ್ನು ಒದ್ದೆ ಮಾಡಿ ಎಳೆದರು. ಗಟ್ಟಿ ಕೂದಲು ಎಳೆದರೆ ಹಿಂದಕ್ಕೆ ಹೋಗುತ್ತದೆ. ತುದಿಯದ್ದು ಚ್ಯೂಯಿಂಗ್ ಗಮ್ಮಿನ ಹಾಗೆ ಉದ್ದವಾಗಿ ತುಂಡಾಯಿತು. "ಮೂರು ಇಂಚು ಕತ್ತರಿಸಬೇಕಾಗ್ತದೆ. ಉಳಿದದ್ದು ಉಳೀತದೆ," ಎಂದರು. ಅಮ್ಮ ಮೊದಲ ಸಲ ಉಸಿರು ಬಿಟ್ಟರು.

ಆ ದಿನ ಬೇರೇನನ್ನೂ ಹಾಕಲಿಲ್ಲ. ಮನೆಗೆ ಹೋಗಿ ತೆಂಗಿನೆಣ್ಣೆ ಹಚ್ಚಿ ಇಡೀ ರಾತ್ರಿ ಬಿಡಬೇಕು, ಎರಡು ದಿನ ಕಳೆದು ಬರಬೇಕು. ತೆಂಗಿನ ಸಂಶೋಧನೆಗೆಂದೇ 1916ರಲ್ಲಿ ಕೇಂದ್ರ ಆರಂಭವಾದ ಊರಿನಲ್ಲಿ ಎಣ್ಣೆಯ ಗುಣಗಾನ ಹೊಸತೇನಲ್ಲ. ಆದರೆ ಇದಕ್ಕೆ ಆಧಾರವೂ ಇದೆ. ರೇಲೆ ಮತ್ತು ಮೊಹಿಲೆ ಎಂಬ ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖನಿಜ ತೈಲ, ಸೂರ್ಯಕಾಂತಿ ಎಣ್ಣೆ, ತೆಂಗಿನೆಣ್ಣೆ ಮೂರನ್ನೂ ಹೋಲಿಸಿ ನೋಡಿದಾಗ ಕೂದಲಿನ ಪ್ರೋಟೀನು ನಷ್ಟವನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಸಣ್ಣ ನೇರ ಅಣು ಕೂದಲಿನ ಒಳಕ್ಕೆ ಇಳಿಯುತ್ತದೆ.

ಎರಡು ದಿನದ ನಂತರ ಅಕ್ಕ ಮೇಜಿನ ಮೇಲಿಟ್ಟದ್ದು ಶುದ್ಧ ಮೈಲಾಂಜಿ ಪುಡಿ. ಘಟ್ಟದ ಮೇಲಿನವರ ಗೋರಂಟಿ, ಇಲ್ಲಿನ ಕನ್ನಡದ ಮದರಂಗಿ, ಮಲಯಾಳದ ಮೈಲಾಂಜಿ ಎಲ್ಲ ಒಂದೇ ಗಿಡ. ಮಾಪಿಳ್ಳೆಯರ ಮದುವೆಮನೆಗಳಲ್ಲಿ ಮದುಮಗಳ ಕೈಗೆ ಅದನ್ನು ಹಚ್ಚುವಾಗ ಹಾಡಲೆಂದೇ ಹಾಡುಗಳಿವೆ. ಎಲೆಯಲ್ಲಿರುವ ಲಾಸೋನ್ ಎಂಬ ಕೆಂಗಿತ್ತಳೆ ವಸ್ತು ಕೂದಲಿನ ಕೆರಾಟಿನ್ನಿಗೆ ಗಟ್ಟಿಯಾಗಿ ಹಿಡಿಯುತ್ತದೆ. ಹಸಿರಿನ ಎದುರು ಬಣ್ಣ ಕೆಂಪು. ಹಸಿರಿನ ಮೇಲೆ ಕೆಂಪು ಕೂತರೆ ಕಂದು.

ಬುಡದ ಕಿತ್ತಳೆಗೆ ಇದು ಸಲ್ಲದು. ಕಿತ್ತಳೆಯ ಮೇಲೆ ಬರೇ ಮೈಲಾಂಜಿ ಹಾಕಿದರೆ ಬೆಂಕಿಯ ಬಣ್ಣವಾದೀತು. ಅಲ್ಲಿಗೆ ಬೇಕಾದದ್ದು ನೀಲಿ, ಇಷ್ಟಕ್ಕೆಲ್ಲ ಕಾರಣವಾದ ಅದೇ ನೀಲಿ. ಕುಚ್ಚುಗಳ ಮೇಲೆ ಬೇರೆ ಬೇರೆ ಪಾಲಿನಲ್ಲಿ ಹಾಕಿ ನೋಡಿ, ಎರಡು ಪಾಲು ಮೈಲಾಂಜಿಗೆ ಒಂದು ಪಾಲು ನೀಲಿ ಎಂದು ಅಕ್ಕ ತೀರ್ಮಾನಿಸಿದರು. ಬುಡಕ್ಕೆ ಈ ಮಿಶ್ರಣ, ಉಳಿದದ್ದಕ್ಕೆ ಬರೇ ಮೈಲಾಂಜಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. 'ಕಪ್ಪು ಮೆಹೆಂದಿ' ಎಂದು ಮಾರುವ ಪುಡಿ ಅರ್ಧ ಗಂಟೆಯಲ್ಲಿ ಕಡುಕಪ್ಪು ಕೊಟ್ಟರೆ ಅದು ಎಲೆಯ ಕೆಲಸವಲ್ಲ. ಅಂಥವುಗಳಲ್ಲಿ ಅನೇಕವೇಳೆ ಪಿಪಿಡಿ ಇರುತ್ತದೆ. ಐರೋಪ್ಯ ಒಕ್ಕೂಟದಲ್ಲಿ ತಲೆಗೆ ಹಚ್ಚುವ ಮಿಶ್ರಣದಲ್ಲಿ ಪಿಪಿಡಿ ಶೇ 2ನ್ನು ಮೀರುವಂತಿಲ್ಲ. ಒಗ್ಗದವರಿಗೆ ನೆತ್ತಿ ಗುಳ್ಳೆಯೇಳುತ್ತದೆ, ಕಣ್ಣು ಮುಚ್ಚುವಷ್ಟು ಮುಖ ಊದುತ್ತದೆ. ಪೊಟ್ಟಣದ ಮೇಲೆ 'ಹರ್ಬಲ್' ಎಂದು ಬರೆದಿದ್ದರೂ ಸಾಮಗ್ರಿಗಳ ಪಟ್ಟಿಯನ್ನು ಓದಿ, ಕಿವಿಯ ಹಿಂದೆ ಸ್ವಲ್ಪ ಹಚ್ಚಿ, 48 ಗಂಟೆ ಕಾಯುವುದು ಅಗತ್ಯ.

ತೊಳೆದಾಗ ಕೂದಲು ಕೆಂಪುಕೆಂಪಾಗಿತ್ತು, ಹುಡುಗಿಯ ಮುಖ ಸಪ್ಪೆಯಾಯಿತು. "ಮೂರು ದಿನ ಕನ್ನಡಿ ನೋಡಬೇಡ. ಗಾಳಿ ತಾಗಿ ಕಪ್ಪಾಗ್ತಾ ಬರ್ತದೆ," ಎಂದು ಅಕ್ಕ ಧೈರ್ಯ ಹೇಳಿದರು. ಇನ್ನು ಮುಂದೆ ಈ ಕೂದಲಿಗೆ ಬ್ಲೀಚು ತೋರಿಸಲೇಬಾರದು, ತೋರಿಸಿದರೆ ಪುನಃ ಹಸಿರೇ, ಎಂದೂ ಸೇರಿಸಿದರು.

ನಾಲ್ಕನೆಯ ದಿನ ಹುಡುಗಿ ಒಬ್ಬಳೇ ಬಂದಳು, ಶಾಲಿಲ್ಲದೆ. ಬುಡದಿಂದ ತುದಿಯವರೆಗೆ ಹಳೆಯ ಓಲೆಬೆಲ್ಲದ ಕಂದು. ಬಿಸಿಲಿಗೆ ತಿರುಗಿದಾಗ ಕಿವಿಯ ಹಿಂದೆ ಒಂದೆಡೆ ಮಾತ್ರ ತುಸು ಕೆಂಪು ಹೆಚ್ಚು. ಅಕ್ಕ ಅವಳ ಕತ್ತಿನ ಹಿಂದಿನಿಂದ ನಾಲ್ಕು ಎಳೆ ಕತ್ತರಿಸಿ, ನೋಟ್‌ಬುಕ್ಕಿನಲ್ಲಿ ಮೊದಲ ದಿನ ಕತ್ತರಿಸಿ ಅಂಟಿಸಿಟ್ಟಿದ್ದ ಹಸಿರು ಕುಚ್ಚಿನ ಪಕ್ಕಕ್ಕೆ ಸೆಲ್ಲೋಟೇಪಿನಿಂದ ಅಂಟಿಸಿ, ಕೆಳಗೆ ತಾರೀಕು ಬರೆದರು.