ಮನೆಗಳೇ ಗುಳೆ ಬಂದ ಗುಡ್ಡ

ಸ್ಟಾಕ್‌ಹೋಮ್ ನಗರದ ಯೂರ್ಗೋರ್ಡನ್ ದ್ವೀಪದಲ್ಲಿ ಸ್ಕಾನ್ಸನ್ ಎಂಬ ಬಯಲು ವಸ್ತುಸಂಗ್ರಹಾಲಯದ ಗುಡ್ಡವಿದೆ. ಅದರ ಮೇಲಿರುವ ಸುಮಾರು 150 ಕಟ್ಟಡಗಳಲ್ಲಿ ಬಹುಪಾಲು ಅಲ್ಲಿಯವಲ್ಲ, ಸ್ವೀಡನ್ನಿನ ಮೂಲೆಮೂಲೆಗಳಿಂದ ವಲಸೆ ಬಂದವು. ದಿಮ್ಮಿ ಪೇರಿಸಿ ಕಟ್ಟಿದ ಮನೆಗಳಾದ್ದರಿಂದ ಬಿಚ್ಚಲು ಬರುತ್ತದೆ. ಒಂದೊಂದು ದಿಮ್ಮಿಗೂ ಗುರುತು ಹಾಕಿ ಇಳಿಸುವುದು, ಸಾಗಿಸುವುದು, ಅದೇ ಕ್ರಮದಲ್ಲಿ ಮತ್ತೆ ಜೋಡಿಸುವುದು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಹಳೆಯ ಮನೆಗಳನ್ನು ಬಿಚ್ಚಿ ತಂದು ಕಟ್ಟಿದ ಹಸ್ತಶಿಲ್ಪ ಗ್ರಾಮ ನೋಡಿದವರಿಗೆ ಈ ಕೆಲಸದ ಕಷ್ಟ ಗೊತ್ತು.

ಸ್ಕಾನ್ಸನ್ ಶುರುಮಾಡಿದವರು ಆರ್ಟುರ್ ಹಜೇಲಿಯಸ್. ರೈಲು, ಕಾರ್ಖಾನೆ ಬಂದು ಹಳ್ಳಿಯ ಬದುಕು ಕಣ್ಣೆದುರೇ ಕರಗುತ್ತಿದ್ದ ಕಾಲ. ಲಕ್ಷಾಂತರ ಜನ ಅಮೆರಿಕದ ಹಡಗು ಹತ್ತಿದ್ದರು. 1873ರಿಂದಲೇ ರೈತರ ಉಡುಪು, ಸಾಮಾನುಗಳ ಪ್ರದರ್ಶನ ನಡೆಸುತ್ತಿದ್ದ ಅವರಿಗೆ ಅಷ್ಟು ಸಾಲಲಿಲ್ಲ. ಮನೆಯೇ ಬೇಕು, ಒಲೆ ಉರಿಯಬೇಕು, ಕೊಟ್ಟಿಗೆಯಲ್ಲಿ ದನ ಇರಬೇಕು. 1885ರಲ್ಲಿ ಮೂರಾ ಕಡೆಯ ಒಂದು ಮನೆ ಕೊಂಡರು. 1891ರ ಅಕ್ಟೋಬರ್ 11ರಂದು ಸ್ಕಾನ್ಸನ್ ಬಾಗಿಲು ತೆರೆಯಿತು. 1901ರಲ್ಲಿ ತೀರಿಕೊಂಡ ಹಜೇಲಿಯಸ್ಸರ ಸಮಾಧಿಯೂ ಅಲ್ಲೇ ಇದೆ.

ಆಮೇಲೆ ಗುಡ್ಡ ಬೆಳೆದ ಬಗೆಯೇ ಸ್ವಾರಸ್ಯದ್ದು. 1916ರಲ್ಲಿ ಸೆಗ್ಲೋರಾದ ಮರದ ಚರ್ಚು ಬಂತು. ಅದರಲ್ಲಿ ಇವತ್ತಿಗೂ ಮದುವೆಗಳು ನಡೆಯುತ್ತವೆ. ಜಮೀನ್ದಾರರ ಬಂಗಲೆ ಬಂತು. ಗಾಜು ಊದುವವರು, ಬೇಕರಿಯವರು ಇರುವ ಪೇಟೆಬೀದಿಯೂ ಎದ್ದಿತು. ಅಂದರೆ ಮೊದಲು ಚೆಂದದ ರೈತಮನೆ, ಆಮೇಲೆ ದೇವರು, ದೊರೆ, ವ್ಯಾಪಾರ. ಆಳುಗಳೆಲ್ಲಿ? ಸಂಬಳದ ಬದಲು ಬಹುಪಾಲು ಕಾಳು, ಹಾಲು ಪಡೆದು ದೊಡ್ಡ ಜಮೀನುಗಳಲ್ಲಿ ದುಡಿಯುತ್ತಿದ್ದ ಕುಟುಂಬಗಳ ಪದ್ಧತಿ ಮುಗಿದದ್ದೇ 1945ರಲ್ಲಿ. ಅವರ ಸಾಲುಮನೆ ಗುಡ್ಡ ಹತ್ತಲು 1960ರ ದಶಕ ಬರಬೇಕಾಯಿತು. ಉತ್ತರದ ಸಾಮಿ ಜನರ ಬಿಡಾರವೇನೋ ಮೊದಲೇ ಇತ್ತು. ಆದರೆ ಆಗ ಬಿಡಾರದ ಜೊತೆ ಮನುಷ್ಯರನ್ನೂ ನೋಡುವ ವಸ್ತುವಾಗಿ ಕೂರಿಸಿದ್ದರು. ವಸ್ತುಸಂಗ್ರಹಾಲಯ ಯಾರನ್ನು ಯಾವಾಗ, ಹೇಗೆ ಒಳಗೆ ಬಿಟ್ಟುಕೊಂಡಿತು ಎಂಬ ಲೆಕ್ಕ ನನಗೆ ಮನೆಗಳಿಗಿಂತ ಹೆಚ್ಚು ಹೇಳುತ್ತದೆ.

ಈಗ 1930ರ ದಶಕದ ಸಹಕಾರಿ ಅಂಗಡಿಯೂ ಅಲ್ಲಿದೆ. ಹಳೆಯ ಉಡುಪು ತೊಟ್ಟ ಸಿಬ್ಬಂದಿ ನೂಲುತ್ತಾರೆ, ರೊಟ್ಟಿ ಸುಡುತ್ತಾರೆ, ಕೇಳಿದ್ದಕ್ಕೆ ಉತ್ತರಿಸುತ್ತಾರೆ. ಕರಡಿ, ತೋಳಗಳಿರುವ ಮೃಗಾಲಯಕ್ಕೆ ಮಕ್ಕಳು ಎಳೆದೊಯ್ಯುವುದು ಖಚಿತ. ಹೋಗುವುದಾದರೆ ಬೇಸಗೆಯೇ ಒಳ್ಳೆಯದು. ಚಳಿಗಾಲದಲ್ಲಿ 1903ರಿಂದ ನಡೆದುಬಂದ ಕ್ರಿಸ್‌ಮಸ್ ಸಂತೆ ಇರುತ್ತದಾದರೂ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ.