ದನಿ ತಪ್ಪೋ, ವೇಗ ತಪ್ಪೋ? ಪಟ್ಟಾ ಇಲ್ಲದ ಟರ್ನ್‌ಟೇಬಲ್ ಕಥೆ

ಈ ವಾರದ ಸಂಚಿಕೆ ಕೇಳೋಕೆ ಪುರುಸೊತ್ತು ಸಿಗದವರಿಗೆ ಇಲ್ಲಿದೆ ಅದರ ಬರಹ.

ಹೋದ ತಿಂಗಳು ಕುಂದಗೋಳದ ನಮ್ಮ ಅಜ್ಜಿ ಮನೆಯಲ್ಲಿ ಅಟ್ಟ ಸ್ವಚ್ಛ ಮಾಡುವಾಗ, ತಗಡಿನ ಟ್ರಂಕಿನಲ್ಲಿ ನಾಲ್ಕು ಗ್ರಾಮೊಫೋನ್ ಪ್ಲೇಟು ಸಿಕ್ಕವು. ಒಂದರ ಲೇಬಲ್ ಮೇಲೆ ‘ಗಾಂಧಾರಿ’ ಅಂತ ಹೆಸರು. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಮೊದಮೊದಲ ರೆಕಾರ್ಡುಗಳು ಬಂದದ್ದು ಈ ಹೆಸರಿನಲ್ಲೇ. ಹುಬ್ಬಳ್ಳಿಯಿಂದ ರೈಲು ಹತ್ತಿ ಇದೇ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಹತ್ತಿರ ಕಲಿತವರು ಅವರು.

ನಮ್ಮ ಕಾಕಾನ ಮಗನ ಹತ್ತಿರ ಸೆಕೆಂಡ್ ಹ್ಯಾಂಡ್ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ ಇದೆ. ಹಳೇ ಪ್ಲೇಟಿಗೆ ಬೇಕಾದ ಮುಳ್ಳು ಹಾಕಿ ನುಡಿಸಿದೆವು. ದಪ್ಪ, ಗಂಭೀರ ದನಿ. ‘ಇದೇ ನೋಡ್ರಿ ಗಂಗೂಬಾಯಿಯವರ ದನಿ’ ಅಂದೆ. ಅಜ್ಜಿ ತಲೆ ಅಲ್ಲಾಡಿಸಿದರು: ‘ಅಲ್ಲೋ ತಮ್ಮಾ, ಹಾಡು ಎಳದಾಡಾಕತ್ತೈತಿ. ಮಷೀನು ಸಾವಕಾಶ ತಿರಗಾಕತ್ತೈತಿ.’

ಅಜ್ಜಿ ಹೇಳಿದ್ದೇ ಖರೆ. ಆ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಬೇಕು. ಈ ಮಷೀನಿನಲ್ಲಿ ಇರುವುದು 33⅓ ಮತ್ತು 45 ಮಾತ್ರ. ನಾವು ಒತ್ತಿದ್ದು 45.

ನೀವು ನನ್ನ ಪಾಡ್‌ಕಾಸ್ಟನ್ನು 1.5 ಪಟ್ಟು ವೇಗದಲ್ಲಿ ಕೇಳಿದರೂ ನನ್ನ ದನಿ ಕೀರಲಾಗುವುದಿಲ್ಲ. ಯಾಕಂದ್ರೆ ಆ್ಯಪ್ ಒಳಗೇ ಅದನ್ನು ಸರಿ ಮಾಡ್ತದೆ. ಪ್ಲೇಟಿಗೆ ಆ ಸೌಕರ್ಯ ಇಲ್ಲ. ವೇಗ ಸುಮಾರು 6 ಶೇಕಡಾ ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ಬಿಳಿ ಒಂದರಲ್ಲಿ ಹಾಡಿದವರು ಕರಿ ಒಂದರಲ್ಲಿ ಹಾಡಿದಂಗೆ ಕೇಳ್ತದೆ. ಅಂದ್ರೆ ರೆಕಾರ್ಡಿನಲ್ಲಿ ವೇಗ ಅಂದ್ರೇನೇ ಶ್ರುತಿ. ಟರ್ನ್‌ಟೇಬಲ್ಲಿನ ದೊಡ್ಡ ಕೆಲಸವೂ ಇದೇ: ಹೇಳಿದ ವೇಗದಲ್ಲಿ, ಅಲುಗದಂತೆ ತಿರುಗುವುದು.

ಅದಕ್ಕೆ ದಾರಿ ಯಾವುದು? ನಮ್ಮೂರ ಹಿಟ್ಟಿನ ಗಿರಣಿ ನೆನಪಿಸಿಕೊಳ್ಳಿ. ಮೋಟರು ಒಂದು ಕಡೆ, ಕಲ್ಲು ಇನ್ನೊಂದು ಕಡೆ, ನಡುವೆ ಪಟ್ಟಾ. ಬಹಳಷ್ಟು ಟರ್ನ್‌ಟೇಬಲ್‌ಗಳು ಹೀಗೇ ಇರ್ತವೆ, ಅದು ಬೆಲ್ಟ್ ಡ್ರೈವ್. ರಬ್ಬರ್ ಪಟ್ಟಾ ಮೋಟರಿನ ನಡುಕವನ್ನು ತಡೆಯುತ್ತದೆ, ಅದು ಲಾಭ. ಆದರೆ ವರ್ಷ ಕಳೆದಂತೆ ಪಟ್ಟಾ ಸಡಿಲಾಗಿ ಜಾರುತ್ತದೆ, ವೇಗ ತಪ್ಪುತ್ತದೆ.

ಈಗ ಮನೆಯ ಬೀಸುಕಲ್ಲು ನೋಡ್ರಿ. ಪಟ್ಟಾ ಇಲ್ಲ, ಗಾಲಿ ಇಲ್ಲ, ಕೈ ನೇರವಾಗಿ ಕಲ್ಲನ್ನೇ ತಿರುಗಿಸುತ್ತದೆ. ಡೈರೆಕ್ಟ್ ಡ್ರೈವ್ ಅಂದ್ರೆ ಇದೇ. ಎಸ್‌ಎಲ್-1200 ಎಂಕೆ2ನಲ್ಲಿ ತಿರುಗುವ ತಟ್ಟೆಯ ಅಡಿಯಲ್ಲೇ ಆಯಸ್ಕಾಂತದ ಬಳೆ ಇದೆ. ಅಂದ್ರೆ ತಟ್ಟೆಯೂ ಮೋಟರಿನ ಒಂದು ಭಾಗವೇ.

ಜಪಾನಿನ ಮತ್ಸುಶಿತಾ ಕಂಪನಿ, ಅಂದ್ರೆ ಇವತ್ತಿನ ಪ್ಯಾನಸಾನಿಕ್, 1970ರಲ್ಲಿ ಟೆಕ್ನಿಕ್ಸ್ ಹೆಸರಿನಲ್ಲಿ ಇಂಥ ಮೊದಲ ಟರ್ನ್‌ಟೇಬಲ್ ಎಸ್‌ಪಿ-10 ತಂದಿತು. 1972ರಲ್ಲಿ ಎಸ್‌ಎಲ್-1200, 1979ರಲ್ಲಿ ಎಂಕೆ2 ಬಂದವು. ಮೋಟರು ಇಷ್ಟು ಸಾವಕಾಶ ತಿರುಗುವಾಗ ಜರ್ಕು ಹೊಡೆಯುವ ಭಯ ಇರ್ತದೆ. ಅದಕ್ಕೆ ಎಂಕೆ2ನಲ್ಲಿ ಕೈಗಡಿಯಾರದಲ್ಲಿ ಇರುವಂಥದ್ದೇ ಕ್ವಾರ್ಟ್ಜ್ ಹರಳಿನ ಕಾವಲು ಇಟ್ಟರು. ಹರಳಿನ ಮಿಡಿತಕ್ಕೆ ಹೋಲಿಸಿ, ವೇಗ ಚೂರು ತಪ್ಪಿದರೂ ಸರ್ಕಿಟ್ ತಿದ್ದುತ್ತದೆ. ತಟ್ಟೆ 0.7 ಸೆಕೆಂಡಿನಲ್ಲಿ 33⅓ರ ವೇಗ ಹಿಡಿಯುತ್ತದೆ. ಡಿಜೆಗಳು ಇದನ್ನು ಬಿಡದೇ ಇದ್ದದ್ದು ಇದಕ್ಕೇ: ಕೈಯಿಂದ ಹಿಡಿದು ಬಿಟ್ಟರೂ ತಕ್ಷಣ ಮೊದಲಿನ ವೇಗ.

ತಟ್ಟೆಯ ಅಂಚಿನಲ್ಲಿ ನಾಲ್ಕು ಸಾಲು ಚುಕ್ಕೆ ಇವೆ. ಪಕ್ಕದ ಕೆಂಪು ದೀಪದ ಬೆಳಕಿನಲ್ಲಿ ದೊಡ್ಡ ಚುಕ್ಕೆಗಳ ಸಾಲು ನಿಂತಂಗೆ ಕಂಡರೆ ವೇಗ ಸರಿ ಇದೆ ಅಂತ ಅರ್ಥ. ಬಲಗಡೆಯ ಪಿಚ್ ಪಟ್ಟಿ ಸರಿಸಿ ವೇಗವನ್ನು 8 ಶೇಕಡಾದವರೆಗೆ ಹೆಚ್ಚು ಕಡಿಮೆ ಮಾಡಬಹುದು. ಆದರೂ 45ಕ್ಕೆ 8 ಶೇಕಡಾ ಸೇರಿಸಿದರೆ 48.6, ಅಷ್ಟೇ. 78 ಬಹಳ ದೂರ.

ಹಂಗಾದ್ರೆ ನಾವೇನು ಮಾಡಿದ್ವಿ? 45ರಲ್ಲೇ ನುಡಿಸಿ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಮೂರು ನಿಮಿಷದ ಹಾಡಿಗೆ 5 ನಿಮಿಷ 12 ಸೆಕೆಂಡ್ ಹಿಡಿಯಿತು. ಆಮೇಲೆ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ವೇಗ 1.733 ಪಟ್ಟು ಮಾಡಿದೆವು. ಇಲ್ಲಿ ಒಂದು ಎಚ್ಚರ: ವೇಗದ ಜೊತೆ ಶ್ರುತಿಯೂ ಏರುವ ಆಯ್ಕೆಯನ್ನೇ ಒತ್ತಬೇಕು. ಪಾಡ್‌ಕಾಸ್ಟ್ ಆ್ಯಪಿನ ತರಹದ ವೇಗ ಆದರೆ ಹಾಡು ಓಡುತ್ತದೆ, ದನಿ ಮಾತ್ರ ದಪ್ಪವೇ ಉಳಿಯುತ್ತದೆ.

ಈಗ ಕೇಳಿದ್ದು ತೆಳ್ಳಗಿನ, ಎತ್ತರದ ದನಿ. ಈ ಸಲ ಖಂಡಿತ ತಪ್ಪಾಗಿದೆ ಅಂದುಕೊಂಡೆ. ಅಜ್ಜಿ ಮಾತ್ರ ‘ಹಾಂ, ಇದ ನೋಡು’ ಅಂದು ಕಣ್ಣು ಮುಚ್ಚಿದರು. ಆಮೇಲೆ ಓದಿ ತಿಳಿಯಿತು. ಗಂಗೂಬಾಯಿಯವರ ಮೊದಲಿನ ದನಿ ಎತ್ತರದ್ದೇ. ಗಂಟಲಿನ ಚಿಕಿತ್ಸೆಯ ನಂತರ ಅದು ದಪ್ಪಗಾಯಿತು, ನಮಗೆಲ್ಲ ಗೊತ್ತಿರುವುದು ಆ ನಂತರದ ದನಿ. ಮಷೀನಿನ ವೇಗ ತಪ್ಪಿದ್ದರಿಂದ ನಾನು ಇಪ್ಪತ್ತರ ಹರೆಯದ ಒಬ್ಬ ಗಾಯಕಿಯ ದನಿಯನ್ನೇ ತಪ್ಪು ತಿಳಿದಿದ್ದೆ.

ನಿಮ್ಮ ಮನೆ ಅಟ್ಟದಲ್ಲೂ ಇಂಥ ಪ್ಲೇಟು ಇದ್ದರೆ ಮೂರು ಮಾತು ನೆನಪಿರಲಿ. ಒಂದು, ಎಲ್‌ಪಿ ಮುಳ್ಳಿನಿಂದ 78 ನುಡಿಸಬೇಡಿ. ಹಳೇ ಪ್ಲೇಟಿನ ಗೆರೆ ಅಗಲ, ಅದಕ್ಕೆ ಬೇರೆ ದಪ್ಪ ಮುಳ್ಳು ಬೇಕು. ಈ ಟರ್ನ್‌ಟೇಬಲ್ಲಿನಲ್ಲಿ ತೋಳಿನ ತುದಿ ಬಿಚ್ಚಿ ಬದಲಿಸುವುದು ಸುಲಭ. ಎರಡು, ಕೀಲಿ ಕೊಡುವ ಹಳೇ ಗ್ರಾಮೊಫೋನಿನಲ್ಲಿ ಎಲ್‌ಪಿ ಹಾಕಬೇಡಿ. ಅದರ ಭಾರಕ್ಕೆ ಗೆರೆಯೇ ಕೆತ್ತಿ ಹೋಗುತ್ತದೆ. ಮೂರು, ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಚ್ಚಿ ಒರೆಸಲೇಬೇಡಿ. 78ರ ಪ್ಲೇಟು ಮಾಡಿದ್ದು ಅರಗಿನಿಂದ, ಆಲ್ಕೋಹಾಲಿಗೆ ಅದು ಕರಗುತ್ತದೆ.

ಮತ್ತೆ, ಅವು ಕೈಜಾರಿದರೆ ಚೂರು ಚೂರು. ಬೀಳುವ ಮೊದಲೇ ಒಮ್ಮೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ವೇಗ ಸರಿ ಇದೆಯೋ ಇಲ್ಲವೋ ಅಂತ ಅನುಮಾನ ಬಂದರೆ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಂದಿನ ವಾರ ಸಿಗೋಣ್ರೀ.