ಉಪ್ಪುನೀರಿನ ಈಜುಕೊಳವೂ ಬಚ್ಚಲುಮನೆಯ ಹಂಡೆಯೂ

ತೆರಕಣಾಂಬಿಯ ಕಡೆ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕಾಯಿಸಿದ ಹಂಡೆಯೊಳಗೆ ಕೈಯಾಡಿಸಿದರೆ ಬೆಳ್ಳನೆಯ ಗಟ್ಟಿ ಪೊರೆಯೊಂದು ಉಗುರಿಗೆ ತಗಲುತ್ತದೆ. ಗಡಸು ನೀರು ಬಿಟ್ಟುಹೋದ ಕ್ಯಾಲ್ಸಿಯಂ ಕಾರ್ಬೊನೇಟ್ ಅದು. ಈ ಪೊರೆಯನ್ನು ಬಲ್ಲವರಿಗೆ ಉಪ್ಪುನೀರಿನ ಈಜುಕೊಳದ ತೊಡಕು ಅರ್ಧ ತಿಳಿದಂತೆಯೇ ಸರಿ.

ಬಂಡೀಪುರದ ದಾರಿಯ ತಂಗುಮನೆಯೊಂದರ ಕೊಳವನ್ನು ನೋಡಲು ನಾವು ವಿದ್ಯಾರ್ಥಿಗಳೊಡನೆ ಹೋದಾಗ ನೀರು ಹಸುರಿಗೆ ತಿರುಗಿತ್ತು. ಉಪ್ಪು ಸಾಲದೆಂದು ಬಗೆದು, ಕೊಳ ನೋಡಿಕೊಳ್ಳುವವರು ಮೂಟೆಗಟ್ಟಲೆ ಸುರಿದಿದ್ದರು. ಅವರ ಊಹೆ ತಪ್ಪು. ಆದರೆ ಓದಿದವರಲ್ಲಿಯೂ ಅದೇ ಊಹೆಯುಂಟು.

ಕ್ರಿಮಿಗಳನ್ನು ಕೊಲ್ಲುವುದು ಉಪ್ಪಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದರೆ ಇಂತಹ ಕೊಳದಲ್ಲಿರುವುದು 3ರಿಂದ 4 ಗ್ರಾಂ ಮಾತ್ರ. ಪಂಪು ತಳ್ಳಿದ ನೀರು ಸೋಸುವ ಯಂತ್ರವನ್ನು ದಾಟಿ, ಟೈಟಾನಿಯಂ ಫಲಕಗಳಿರುವ ಕೋಶದೊಳಗೆ ಹರಿಯುತ್ತದೆ. ಅಲ್ಲಿ ವಿದ್ಯುತ್ತು ಹಾಯ್ದಾಗ ಧನಾಗ್ರದಲ್ಲಿ ಕ್ಲೋರೀನ್ ಹುಟ್ಟುತ್ತದೆ. ಋಣಾಗ್ರದಲ್ಲಿ ಜಲಜನಕವೂ ಹೈಡ್ರಾಕ್ಸೈಡ್ ಅಯಾನುಗಳೂ ಹುಟ್ಟುತ್ತವೆ. ಕ್ಲೋರೀನ್ ನೀರಿನೊಡನೆ ಸೇರಿ ಹೈಪೊಕ್ಲೋರಸ್ ಆಮ್ಲವಾಗುವುದು. ಕ್ರಿಮಿಗಳ ಯಮನೆಂದರೆ ಇದೇ. ಕೆಲಸ ಮುಗಿದ ಬಳಿಕ ಅದು ಮತ್ತೆ ಕ್ಲೋರೈಡ್ ಆಗಿ ನೀರಿಗೇ ಮರಳುವುದರಿಂದ ಉಪ್ಪು ಬಹುಮಟ್ಟಿಗೆ ಸವೆಯುವುದಿಲ್ಲ.

ಚಿಕ್ಕದೊಂದು ಲೆಕ್ಕ ಮಾಡೋಣ. ಫ್ಯಾರಡೆಯ ನಿಯಮದಂತೆ ಒಂದು ಜೊತೆ ಫಲಕಗಳ ನಡುವೆ 1 ಆಂಪಿಯರ್ ಪ್ರವಾಹ 1 ಗಂಟೆ ಹರಿದರೆ ಹೆಚ್ಚೆಂದರೆ 1.32 ಗ್ರಾಂ ಕ್ಲೋರೀನ್ ದೊರೆಯುತ್ತದೆ. 50,000 ಲೀಟರಿನ ಕೊಳದಲ್ಲಿ ಲೀಟರಿಗೆ 1 ಮಿಲಿಗ್ರಾಂ ಏರಿಸಲು 50 ಗ್ರಾಂ ಬೇಕು. 5 ಆಂಪಿಯರ್ ಪ್ರವಾಹಕ್ಕೆ ಇದು ಸುಮಾರು ಎಂಟು ಗಂಟೆಯ ದುಡಿಮೆ. ಇಷ್ಟು ದುಡಿದು ಕೂಡಿಸಿದ್ದನ್ನು ನಡುಹಗಲಿನ ಬಿಸಿಲು ಕೆಲವೇ ಗಂಟೆಗಳಲ್ಲಿ ಒಡೆದುಹಾಕಬಲ್ಲದು. ಅದಕ್ಕಾಗಿಯೇ ಸಯನೂರಿಕ್ ಆಮ್ಲವನ್ನು ಬೆರೆಸುವ ವಾಡಿಕೆ.

ಹಂಡೆಯ ಪೊರೆ ಇಲ್ಲಿಗೆ ಬಂದುದು ಹೇಗೆ? ಹಂಡೆಯಲ್ಲಿ ಶಾಖವು ಮಾಡುವ ಕೆಲಸವನ್ನು ಕೋಶದಲ್ಲಿ ಹೈಡ್ರಾಕ್ಸೈಡ್ ಮಾಡುತ್ತದೆ: ಬೈಕಾರ್ಬೊನೇಟ್ ಅನ್ನು ಕಾರ್ಬೊನೇಟ್ ಆಗಿಸಿ, ಋಣಾಗ್ರದ ಮೇಲೆ ಕ್ಯಾಲ್ಸಿಯಂ ಪೊರೆ ಕಟ್ಟಿಸುತ್ತದೆ. ಆ ಕೊಳದ ಕೋಶವನ್ನು ಬಿಚ್ಚಿದಾಗ ಫಲಕಗಳು ಸುಣ್ಣ ಬಳಿದಂತಿದ್ದವು. ನೀರಿನ ಪಿಎಚ್ 8.5 ಆಗಿದ್ದಿತು, ಆ ಮಟ್ಟದಲ್ಲಿ ಇದ್ದ ಅಲ್ಪ ಕ್ಲೋರೀನಿನಲ್ಲಿಯೂ ಹತ್ತರಲ್ಲೊಂದು ಪಾಲು ಮಾತ್ರ ಹೈಪೊಕ್ಲೋರಸ್ ಆಮ್ಲವಾಗಿರುತ್ತದೆ. 7.5ಕ್ಕೆ ಇಳಿಸಿದರೆ ಅರ್ಧದಷ್ಟು.

ಪೊರೆಯನ್ನು ಚಾಕುವಿನಿಂದ ಕೆರೆಯಲು ಹೊರಟವರನ್ನು ನಾವು ತಡೆಯಬೇಕಾಯಿತು. ಟೈಟಾನಿಯಂ ಮೇಲಿನ ರುಥೇನಿಯಂ ಆಕ್ಸೈಡಿನ ತೆಳುಲೇಪ ಹೋದರೆ ಫಲಕವೇ ಹೋದಂತೆ. ಕೋಶವನ್ನು ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ತೊಳೆದೆವು. ನೀರಿಗೆ ಆಮ್ಲವನ್ನು ಸುರಿಯಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ; ಹತ್ತಿರದಲ್ಲಿ ಬ್ಲೀಚಿಂಗ್ ಪುಡಿಯಂತೂ ಇರಲೇಕೂಡದು, ಎರಡೂ ಕೂಡಿದರೆ ವಿಷಾನಿಲ ಏಳುತ್ತದೆ.

ಪೊರೆ ನೊರೆಯಾಗಿ ಕರಗಿತು. ಸುರಿದ ಉಪ್ಪು ಮಾತ್ರ ನೀರಿನಲ್ಲಿಯೇ ಉಳಿಯಿತು. ಅದನ್ನು ತಗ್ಗಿಸಬೇಕಾದರೆ ಒಂದಿಷ್ಟು ನೀರನ್ನು ಹೊರಚೆಲ್ಲಿ, ಅದೇ ಕೊಳವೆಬಾವಿಯಿಂದ ಗಡಸು ನೀರನ್ನು ಮತ್ತೆ ತುಂಬಬೇಕು.